ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಪರೀಕ್ಷೆಯ ಫಲಿತಾಂಶ ಹೊರಬಿದ್ದು ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಮಾತುಕತೆ ಶುರುವಾಗುತ್ತದೆ. ಮಗನಿಗೋ ಮಗಳಿಗೋ ಕಂಪ್ಯೂಟರ್ ಬೇಕು. ಓದಿಗೆ ಬೇಕು ಎಂಬುದು ನಿಜ. ಅದರಲ್ಲಿ ಒಳ್ಳೆಯ ಗೇಮ್‌ಗಳೂ ಓಡಬೇಕು ಎಂಬುದು ಅಷ್ಟೇ ನಿಜ. ಆದರೆ ಆ ಮಾತು ಅರ್ಧ ಬಾಯಲ್ಲಿ ಹೊರಡುತ್ತದೆ. ತಂದೆ ತಾಯಿಯ ಕೈಯಲ್ಲಿರುವುದು ಚೀಟಿ ಎತ್ತಿದ ಹಣವೋ, ಹಬ್ಬದ ಬೋನಸ್ಸೋ, ಅಡಿಕೆ ಮಾರಿದ ದುಡ್ಡಿನಲ್ಲಿ ತೆಗೆದಿಟ್ಟ ಪಾಲೋ ಆಗಿರುತ್ತದೆ. ಒಮ್ಮೆ ಖರ್ಚಾದರೆ ಇನ್ನು ನಾಲ್ಕೈದು ವರ್ಷ ಅಂಥ ಮೊತ್ತ ಮತ್ತೆ ಕೂಡಿಬರುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಅರ್ಧ ದಿನ ಕೂತು ಲೆಕ್ಕ ಹಾಕುವುದು ಜಿಪುಣತನವಲ್ಲ, ಜಾಣತನ.

ಬ್ರ್ಯಾಂಡೆಡ್ ಡಬ್ಬಿಯನ್ನು ಇಡಿಯಾಗಿ ಕೊಳ್ಳುವ ಬದಲು ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಂಡರೆ ಅದೇ ಹಣಕ್ಕೆ ಹೆಚ್ಚು ಶಕ್ತಿಯ ಯಂತ್ರ ಸಿಗುತ್ತದೆ. ಬಿಡಿಭಾಗಗಳು ಎಂಟೇ: ಮಾನಿಟರ್, ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಮತ್ತು ಇವನ್ನೆಲ್ಲ ಹೊತ್ತ ಕ್ಯಾಬಿನೆಟ್. ಇವುಗಳಲ್ಲಿ ಒಂದೊಂದೂ ಒಳ್ಳೆಯದಾಗಿದ್ದರೆ ಸಾಲದು, ಒಂದಕ್ಕೊಂದು ಹೊಂದಬೇಕು. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಗಾಡಿ ಮುಂದೆ ಹೋಗುವುದಿಲ್ಲ. ಕಡಿಮೆ ಬೆಲೆಯ ಗೇಮಿಂಗ್ ಕಂಪ್ಯೂಟರಿನ ಗುಟ್ಟು ಇರುವುದು ಈ ಹೊಂದಾಣಿಕೆಯಲ್ಲಿ.

‘ಐ7’ ಎಂಬ ಮೋಹ

ಆನ್‌ಲೈನ್ ಅಂಗಡಿಗಳಲ್ಲಿ ‘ಐ7 ಗೇಮಿಂಗ್ ಪಿಸಿ’ ಎಂಬ ಜಾಹೀರಾತುಗಳು ಹೇರಳವಾಗಿವೆ. ಬೆಲೆ ಆಶ್ಚರ್ಯವಾಗುವಷ್ಟು ಕಡಿಮೆ. ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್, 16 ಜಿಬಿ ರ್‍ಯಾಮ್, ಜೊತೆಗೊಂದು ಗ್ರಾಫಿಕ್ಸ್ ಕಾರ್ಡ್. ಬೆಳ್ಳಗಿರುವುದೆಲ್ಲ ಹಾಲಲ್ಲ. ವಿವರಗಳನ್ನು ಕೊನೆಯ ಸಾಲಿನವರೆಗೂ ಓದಿದರೆ ಒಳಗಿರುವ ಪ್ರೊಸೆಸರ್ 2011ರ ಕೋರ್ ಐ7-2600 ಅಥವಾ 2012ರ ಐ7-3770 ಎಂದು ತಿಳಿಯುತ್ತದೆ. ಕಚೇರಿಗಳು ಬಳಸಿ ಬಿಟ್ಟ ಯಂತ್ರಗಳಿಂದ ಕಿತ್ತ ಭಾಗಗಳಿಗೆ ಹೊಸ ಅಂಗಿ ತೊಡಿಸಲಾಗಿರುತ್ತದೆ.

ಐ3, ಐ5, ಐ7 ಎಂಬುದು ಒಂದೇ ಪೀಳಿಗೆಯೊಳಗಿನ ದರ್ಜೆ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ ಬಂದವನಿಗಿಂತ ಎಂ.ಎಸ್ಸಿ.ಯಲ್ಲಿ ಎರಡನೇ ದರ್ಜೆ ಬಂದವನಿಗೆ ವಿಷಯ ಹೆಚ್ಚು ತಿಳಿದಿರುವಂತೆ, 2022ರಲ್ಲಿ ಬಂದ ಐ3-12100ಎಫ್ ಆ ಹಳೆಯ ಐ7ಗಳನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಎರಡರಲ್ಲೂ ನಾಲ್ಕೇ ಕೋರ್‌ಗಳಿದ್ದರೂ ಒಂದೊಂದು ಕೋರ್ ಮಾಡುವ ಕೆಲಸ ಬೇರೆ ಬೇರೆ.

ಇನ್ನೊಂದು ತೊಡಕೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಸ್ಥೂಲವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ಎಎಂಡಿಯ ರೈಜೆನ್ 2000 ಸರಣಿಯ ನಂತರದ ಪ್ರೊಸೆಸರೂ ಇರಬೇಕು. ಹುಡುಗರಿಗೆ ಪ್ರಿಯವಾದ ವ್ಯಾಲೊರಂಟ್ ಆಟ ವಿಂಡೋಸ್ 11ರಲ್ಲಿ ಟಿಪಿಎಂ ಇಲ್ಲದೆ ಶುರುವಾಗುವುದೇ ಇಲ್ಲ. ಅಂದರೆ ‘ಅಗ್ಗದ ಐ7’ ಕೊಂಡವರ ಹಣ ಓದಿಗೂ ಪೂರ್ತಿ ಒದಗುವುದಿಲ್ಲ, ಆಟಕ್ಕೂ ಒದಗುವುದಿಲ್ಲ.

ಪರದೆಯಿಂದ ಪ್ರಾರಂಭ

ಹೆಚ್ಚಿನವರು ಪ್ರೊಸೆಸರಿನಿಂದ ಆರಿಸಲು ತೊಡಗುತ್ತಾರೆ. ಸರಿಯಾದ ಕ್ರಮ ಮಾನಿಟರಿನಿಂದ ತೊಡಗುವುದು. ಗೇಮ್ ಎಂದರೆ ಯಂತ್ರದ ಮಟ್ಟಿಗೆ ಒಂದೇ ಕೆಲಸ: ಸೆಕೆಂಡಿಗೆ ಹತ್ತಾರು ಬಾರಿ ಹೊಸ ಚಿತ್ರ ಬಿಡಿಸುವುದು. ಎಷ್ಟು ದೊಡ್ಡ ಚಿತ್ರ, ಸೆಕೆಂಡಿಗೆ ಎಷ್ಟು ಎಂಬುದನ್ನು ನಿರ್ಧರಿಸುವುದು ಪರದೆ.

ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ ಸುಮಾರು 20.7 ಲಕ್ಷ. ಅದಕ್ಕಿಂತ ಮೇಲಿನ 1440 ದರ್ಜೆಯ ಪರದೆಯಲ್ಲಿ ಸುಮಾರು 36.9 ಲಕ್ಷ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು. ರಂಗೋಲಿಯ ಚುಕ್ಕಿಗಳು ಹೆಚ್ಚಿದಷ್ಟೂ ಗೆರೆ ಎಳೆಯುವ ಕೈಗೆ ಕೆಲಸ ಹೆಚ್ಚು. ಆ ಕೈಯೇ ಗ್ರಾಫಿಕ್ಸ್ ಕಾರ್ಡ್. ದುಬಾರಿ 4ಕೆ ಪರದೆ ತಂದು ಬಡ ಕಾರ್ಡ್ ಹಾಕಿದರೆ ಆಟ ಕುಂಟುತ್ತದೆ. ಕಡಿಮೆ ಹಣದವರಿಗೆ 24 ಅಂಗುಲದ ಆಸುಪಾಸಿನ ಫುಲ್ ಎಚ್‌ಡಿ ಪರದೆ ಧಾರಾಳ ಸಾಕು. ಅದು ಐಪಿಎಸ್ ಮಾದರಿಯದಾದರೆ ಪಕ್ಕದಿಂದ ನೋಡಿದಾಗಲೂ ಬಣ್ಣ ಕೆಡುವುದಿಲ್ಲ, ಪಾಠದ ವಿಡಿಯೋಗಳಿಗೂ ಹಿತ.

ಇದರ ಜೊತೆಗೇ ಕೇಳಬೇಕಾದ ಪ್ರಶ್ನೆ, ನಿಜವಾಗಿ ಆಡುವ ಆಟಗಳು ಯಾವುವು ಎಂಬುದು. ವ್ಯಾಲೊರಂಟ್, ಮೈನ್‌ಕ್ರಾಫ್ಟ್, 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಇಂಥವು ಸಾಧಾರಣ ಯಂತ್ರದಲ್ಲೂ ಚೆನ್ನಾಗಿ ಓಡುತ್ತವೆ. ಸೈಬರ್‌ಪಂಕ್ 2077, ಅಲನ್ ವೇಕ್ 2 ತರಹದವು ಗ್ರಾಫಿಕ್ಸ್ ಕಾರ್ಡಿನ ಬೆವರಿಳಿಸುತ್ತವೆ. ಬಿಳಿಯ ಹಾಳೆಯ ಮೇಲೆ ಐದು ಆಟಗಳ ಹೆಸರನ್ನೂ, ಕಾಲೇಜಿನ ಕೆಲಸಕ್ಕೆ ಬೇಕಾದ ತಂತ್ರಾಂಶಗಳನ್ನೂ ಬರೆದು, ಪ್ರತಿಯೊಂದರ ತಯಾರಕರು ಸೂಚಿಸಿದ ಯಂತ್ರಾಂಶದ ಅಗತ್ಯವನ್ನು ಎದುರಿಗೆ ಗುರುತು ಹಾಕಿದರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ನೂರು ರೂಪಾಯಿಯ ಲೆಕ್ಕ

ಬಿಡಿಭಾಗಗಳ ಬೆಲೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಆದ್ದರಿಂದ ಬೆಲೆಪಟ್ಟಿಗಿಂತ ಪಾಲುಪಟ್ಟಿ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಮಾನಿಟರ್, ಕೀಬೋರ್ಡ್, ಮೌಸ್ ಮತ್ತು ಯುಪಿಎಸ್ ಖರ್ಚನ್ನು ಮೊದಲೇ ಬದಿಗೆ ತೆಗೆದಿಟ್ಟು, ಉಳಿದ ಮೊತ್ತವನ್ನು ನೂರು ರೂಪಾಯಿ ಎಂದು ಭಾವಿಸಿದರೆ ಹೀಗೆ ಹಂಚಬಹುದು: ಗ್ರಾಫಿಕ್ಸ್ ಕಾರ್ಡಿಗೆ 35ರಿಂದ 40, ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ ಸೇರಿ 25ರಿಂದ 28, ರ್‍ಯಾಮ್ ಮತ್ತು ಎಸ್‌ಎಸ್‌ಡಿಗೆ ಸೇರಿ 20, ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್‌ಗೆ ಸೇರಿ 12ರಿಂದ 15. ಇದು ವೇದವಾಕ್ಯವಲ್ಲ. ಆದರೆ ಯಾವುದೇ ಅಂಗಡಿಯವರು ಕೊಟ್ಟ ಕೊಟೇಶನ್ ಇದರಿಂದ ಬಹಳ ದೂರ ಸರಿದಿದ್ದರೆ ಏಕೆ ಎಂದು ಕೇಳಲು ಇದು ಸಾಕು. ಪ್ರೊಸೆಸರಿಗೇ ನಲವತ್ತು ಸುರಿದು ಗ್ರಾಫಿಕ್ಸ್ ಕಾರ್ಡಿಗೆ ಇಪ್ಪತ್ತು ಉಳಿಸಿದ ಗೇಮಿಂಗ್ ಯಂತ್ರ ಮೂಗಿಗಿಂತ ಮೂಗುತಿ ಭಾರವಾದಂತೆ.

ಒಂದೇ ಹೆಸರು, ಬೇರೆ ಸರಕು

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಹೆಸರನ್ನಷ್ಟೇ ನಂಬುವುದು ಅಪಾಯ. ಎನ್ವಿಡಿಯಾದ ಆರ್‌ಟಿಎಕ್ಸ್ 3050 ಇದಕ್ಕೆ ಒಳ್ಳೆಯ ಉದಾಹರಣೆ. 2022ರ ಜನವರಿಯಲ್ಲಿ ಬಂದದ್ದು 8 ಜಿಬಿ ಮೆಮೊರಿಯದು. 2024ರಲ್ಲಿ ಅದೇ ಹೆಸರಿನಲ್ಲಿ 6 ಜಿಬಿಯದು ಬಂತು. ವ್ಯತ್ಯಾಸ ಬರೀ 2 ಜಿಬಿ ಎಂದುಕೊಳ್ಳುವುದು ಸಹಜ. ಆದರೆ ಹೊಸದರಲ್ಲಿ ಲೆಕ್ಕ ಮಾಡುವ ಕೋರ್‌ಗಳು 2560ರಿಂದ 2304ಕ್ಕೆ ಇಳಿದಿವೆ, ಮೆಮೊರಿಗೆ ಹೋಗುವ ದಾರಿಯೂ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಇನ್ನೂ ಅಗ್ಗದ ಜಿಟಿ 1030ರದೂ ಇದೇ ಕಥೆ. 2017ರ ಮೊದಲ ಕಾರ್ಡಿನಲ್ಲಿದ್ದ ಜಿಡಿಡಿಆರ್5 ಮೆಮೊರಿಯ ಬದಲು ಮರುವರ್ಷ ಡಿಡಿಆರ್4 ಹಾಕಿದ ಕಾರ್ಡ್ ಬಂತು. ಅದರ ಮೆಮೊರಿಯ ವೇಗ ಮೊದಲನೆಯದರ ಸುಮಾರು ಮೂರನೇ ಒಂದು ಭಾಗ. ಪೆಟ್ಟಿಗೆಯ ಮೇಲೆ ಮಾತ್ರ ಅದೇ ಹೆಸರು. ಆದ್ದರಿಂದ ಕೊಟೇಶನ್‌ನಲ್ಲಿ ಕಾರ್ಡಿನ ತಯಾರಕರು, ಪೂರ್ತಿ ಮಾದರಿ, ಮೆಮೊರಿಯ ಪ್ರಮಾಣ ಮತ್ತು ಬಗೆ ಎಲ್ಲವನ್ನೂ ಬರೆಸಿಕೊಳ್ಳಬೇಕು.

ಮೆಮೊರಿ ಎಷ್ಟಿರಬೇಕು? ಫುಲ್ ಎಚ್‌ಡಿ ಪರದೆಗೆ 8 ಜಿಬಿಗಿಂತ ಕೆಳಗಿಳಿಯದಿರುವುದು ಒಳ್ಳೆಯದು. 2022ರ ಆರಂಭದಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿಯದು. ಮದರ್‌ಬೋರ್ಡಿನ ಜೊತೆ ಮಾತಾಡಲು ಅದಕ್ಕಿರುವುದು ನಾಲ್ಕೇ ಪಿಸಿಐ ಎಕ್ಸ್‌ಪ್ರೆಸ್ ಹಾದಿಗಳು. ಹಳೆಯ ಮೂರನೇ ಪೀಳಿಗೆಯ ಮದರ್‌ಬೋರ್ಡಿನಲ್ಲಿ ಹಾಕಿದರೆ ಆ ಹಾದಿಗಳ ವೇಗ ಅರ್ಧಕ್ಕಿಳಿದು ಕಾರ್ಡ್ ಸೊರಗುತ್ತದೆ. ಅದೇ ಬಳಗದ ಆರ್‌ಎಕ್ಸ್ 6600ರಲ್ಲಿ 8 ಜಿಬಿ ಮೆಮೊರಿ, ಎಂಟು ಹಾದಿಗಳು. 2021ರ ಅಕ್ಟೋಬರಿನಲ್ಲಿ ಬಂದ ಈ ಕಾರ್ಡ್ ಫುಲ್ ಎಚ್‌ಡಿ ಆಟಗಳಿಗೆ ಮಿತವ್ಯಯದ ಅಳತೆಗೋಲಾಗಿ ನಿಂತಿತು. ಹೊಸ ಕಾರ್ಡ್ ಯಾವುದೇ ಬರಲಿ, ಬೆಲೆಯಲ್ಲೂ ವೇಗದಲ್ಲೂ ಅದನ್ನು ಇದರ ಪಕ್ಕದಲ್ಲಿಟ್ಟು ತೂಗಿ ನೋಡಬಹುದು. 2024ರ ಡಿಸೆಂಬರಿನಲ್ಲಿ ಇಂಟೆಲ್ ತಂದ ಆರ್ಕ್ ಬಿ580 12 ಜಿಬಿ ಮೆಮೊರಿ ಕೊಡುತ್ತದೆ. ಆದರೆ ಹಳೆಯ ಮದರ್‌ಬೋರ್ಡುಗಳಲ್ಲಿ ಅದರ ಪೂರ್ಣ ವೇಗ ಹೊರಬರುವುದಿಲ್ಲ.

ಇನ್ನೊಂದು ವಿಷಯವನ್ನು ಗಮನಿಸಬೇಕು. 2024ರ ಕೊನೆಯಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’, 2025ರ ‘ಡೂಮ್: ದಿ ಡಾರ್ಕ್ ಏಜಸ್’ ಆಟಗಳು ರೇ ಟ್ರೇಸಿಂಗ್ ಎಂಬ ಬೆಳಕಿನ ಲೆಕ್ಕವನ್ನು ಕಾರ್ಡೇ ಮಾಡಬೇಕೆಂದು ಕಡ್ಡಾಯ ಮಾಡಿವೆ. 2019ರ ಜಿಟಿಎಕ್ಸ್ 1650, ಅದಕ್ಕಿಂತ ಹಳೆಯ ಆರ್‌ಎಕ್ಸ್ 580 ಮುಂತಾದವುಗಳಲ್ಲಿ ಆ ಸೌಲಭ್ಯವಿಲ್ಲ. ಹೊಸದಾಗಿ ಹಣ ಹಾಕುವವರು ಇಂಥ ಕಾರ್ಡುಗಳಿಂದ ದೂರವಿರುವುದು ಮೇಲು.

ಓದಿನ ದೃಷ್ಟಿಯಿಂದಲೂ ಇಲ್ಲೊಂದು ತೀರ್ಮಾನ ಮಾಡಬೇಕಾಗುತ್ತದೆ. ಕೊಟ್ಟ ಹಣಕ್ಕೆ ಆಟದ ವೇಗ ಹೆಚ್ಚು ಸಿಗುವುದು ಬಹಳ ಸಲ ಎಎಂಡಿ ಕಾರ್ಡುಗಳಲ್ಲಿ. ಆದರೆ ಕೃತಕ ಬುದ್ಧಿಮತ್ತೆಯ ಪಾಠಗಳು, ಬ್ಲೆಂಡರ್‌ನಂತಹ ಮೂರು ಆಯಾಮದ ಚಿತ್ರ ತಂತ್ರಾಂಶಗಳು ಎನ್ವಿಡಿಯಾದ ‘ಕುಡಾ’ ವ್ಯವಸ್ಥೆಗೆ ಹೆಚ್ಚು ಒಗ್ಗಿಕೊಂಡಿವೆ. ಎಂಜಿನಿಯರಿಂಗ್‌ನಲ್ಲಿ ಆ ದಾರಿ ಹಿಡಿಯುವುದು ಖಚಿತವಿದ್ದರೆ ಆಟದಲ್ಲಿ ಒಂದಿಷ್ಟು ವೇಗ ಬಿಟ್ಟುಕೊಟ್ಟು ಎನ್ವಿಡಿಯಾ ಕಾರ್ಡ್ ಆರಿಸುವುದು ನ್ಯಾಯ. ಬಿ.ಕಾಂ. ಓದುವವರಿಗೆ ಈ ಚಿಂತೆ ಬೇಡ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುವ ಕಲಾವಿದನಾದರೆ ಪ್ರೊಸೆಸರ್ ಅವನಿಗೆ ಏನು ಬಿಡಿಸಬೇಕೆಂದು ಹೇಳುವ ಸೂತ್ರಧಾರ. ಸೂತ್ರಧಾರ ತಡವರಿಸಿದರೆ ಕಲಾವಿದ ಕೈಕಟ್ಟಿ ಕೂರುತ್ತಾನೆ. ಹಾಗೆಂದು ಒಬ್ಬ ಕಲಾವಿದನಿಗೆ ಹತ್ತು ಸೂತ್ರಧಾರರೂ ಬೇಡ. ಸಾಧಾರಣ ಕಾರ್ಡಿಗೆ ಆರು ಕೋರ್‌ಗಳ ಪ್ರೊಸೆಸರ್ ಸಾಕು. ಎಎಂಡಿಯ ರೈಜೆನ್ 5 5600, ಇಂಟೆಲ್‌ನ ಐ5-12400ಎಫ್ ಎರಡೂ 2022ರಲ್ಲಿ ಬಂದ ಇಂಥ ಪ್ರೊಸೆಸರ್‌ಗಳು. ಹಣ ಇನ್ನೂ ಬಿಗಿಯಿದ್ದರೆ ನಾಲ್ಕು ಕೋರ್‌ನ ಐ3-12100ಎಫ್ ಕೂಡ ಆದೀತು.

ಇಂಟೆಲ್ ಹೆಸರಿನ ಕೊನೆಯ ‘ಎಫ್’ ಅಕ್ಷರಕ್ಕೆ ಅರ್ಥವಿದೆ: ಅದರಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಎಂಡಿಯ 5600ಕ್ಕೂ ಇದೇ ಮಾತು. ಆದರೆ 5600ಜಿ ಎಂಬ ಮಾದರಿಯಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ಈಗ ಕಾರ್ಡಿಗೆ ಹಣವಿಲ್ಲ, ಮುಂದಿನ ವರ್ಷ ನೋಡೋಣ ಎನ್ನುವವರು ಇಂಥ ಪ್ರೊಸೆಸರಿನಿಂದ ಆರಂಭಿಸಬಹುದು. ಹಗುರ ಆಟಗಳು ಓಡುತ್ತವೆ, ಓದು ನಿಲ್ಲುವುದಿಲ್ಲ. ಒಂದೇ ಕೊರತೆಯೆಂದರೆ 5600ಜಿ ಹಳೆಯ ಮೂರನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಹಾದಿಗಳನ್ನೇ ಕೊಡುತ್ತದೆ. ಮುಂದೆ ಕಾರ್ಡ್ ಕೊಳ್ಳುವಾಗ ಮೇಲೆ ಹೇಳಿದ 6500 ಎಕ್ಸ್‌ಟಿಯಂತಹ ನಾಲ್ಕು ಹಾದಿಯ ಕಾರ್ಡನ್ನು ಇದರೊಂದಿಗೆ ಕೂಡಿಸಬಾರದು.

ಮದರ್‌ಬೋರ್ಡ್ ಆರಿಸುವಾಗ ಮುಖ್ಯವಾದದ್ದು ಸಾಕೆಟ್. ಎಎಂಡಿಯ ಎಎಂ4 ಸಾಕೆಟ್ ಹಳೆಯದು, ಡಿಡಿಆರ್4 ರ್‍ಯಾಮ್ ಬಳಸುತ್ತದೆ. 2022ರಲ್ಲಿ ಬಂದ ಎಎಂ5 ಸಾಕೆಟ್ ಡಿಡಿಆರ್5 ಮಾತ್ರ ಬಳಸುತ್ತದೆ. ಮೊದಲನೆಯದು ಕಡಿಮೆ ಖರ್ಚಿನದು, ಆದರೆ ಅದರ ಬೆಳವಣಿಗೆ ಮುಗಿಯುತ್ತ ಬಂದಿದೆ. ಎರಡನೆಯದರಲ್ಲಿ ಮೂರು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸಿ ಯಂತ್ರವನ್ನು ಹೊಸದಾಗಿಸಬಹುದು. ಇಂಟೆಲ್‌ನ 12, 13 ಮತ್ತು 14ನೇ ಪೀಳಿಗೆಗಳಿಗೆ ಒಂದೇ ಸಾಕೆಟ್. ಅದರ ಬೋರ್ಡುಗಳಲ್ಲಿ ಡಿಡಿಆರ್4 ಬಳಸುವವೂ ಇವೆ, ಡಿಡಿಆರ್5 ಬಳಸುವವೂ ಇವೆ. ಒಂದರ ರ್‍ಯಾಮ್ ಇನ್ನೊಂದರಲ್ಲಿ ಕೂರುವುದೇ ಇಲ್ಲ.

ರ್‍ಯಾಮ್ ಮತ್ತು ಎಸ್‌ಎಸ್‌ಡಿ

ಆಟಕ್ಕೂ ಓದಿಗೂ 16 ಜಿಬಿ ರ್‍ಯಾಮ್ ಬೇಕು. ಒಂದೇ 16 ಜಿಬಿ ಪಟ್ಟಿಗಿಂತ ಎರಡು 8 ಜಿಬಿ ಪಟ್ಟಿಗಳು ಮೇಲು, ಏಕೆಂದರೆ ಎರಡು ಪಟ್ಟಿಗಳಿದ್ದಾಗ ಪ್ರೊಸೆಸರ್ ಎರಡೂ ಕಡೆಯಿಂದ ಏಕಕಾಲಕ್ಕೆ ಮಾಹಿತಿ ಎಳೆದುಕೊಳ್ಳುತ್ತದೆ. ಒಂದೇ ನಲ್ಲಿಗೆ ಸಾಲು ನಿಲ್ಲುವುದಕ್ಕೂ ಎರಡು ನಲ್ಲಿ ತೆರೆದಿರುವುದಕ್ಕೂ ಇರುವ ವ್ಯತ್ಯಾಸ ಇದು. 5600ಜಿಯಂತೆ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್‌ಗಳಿಗಂತೂ ಎರಡು ಪಟ್ಟಿ ಕಡ್ಡಾಯವೆಂದೇ ತಿಳಿಯಬೇಕು.

2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಜಗತ್ತಿನ ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದರಿಂದ ರ್‍ಯಾಮ್ ಬೆಲೆ ದುಪ್ಪಟ್ಟಿಗೂ ಮೀರಿ ಏರಿತು. ಹಳೆಯ ಬೆಲೆಪಟ್ಟಿ ಹಿಡಿದು ಅಂಗಡಿಗೆ ಹೋದವರು ಪೆಚ್ಚಾದರು. ಇಂಥ ದಿನಗಳಲ್ಲಿ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಡಿಡಿಆರ್4 ಪಟ್ಟಿಗಳಿದ್ದರೆ ಅವನ್ನೇ ಬಳಸುವಂಥ ಮದರ್‌ಬೋರ್ಡ್ ಆರಿಸುವುದು ಉಳಿತಾಯದ ಸುಲಭ ದಾರಿ.

ಎಸ್‌ಎಸ್‌ಡಿ ಎನ್‌ವಿಎಂಇ ಬಗೆಯದಾಗಿರಲಿ. ಗಾತ್ರ 500 ಜಿಬಿಯೋ 1 ಟಿಬಿಯೋ ಎಂಬುದು ಆಟಗಳ ಪಟ್ಟಿಯನ್ನು ಅವಲಂಬಿಸುತ್ತದೆ. 2023ರ ‘ಬಾಲ್ಡರ್ಸ್ ಗೇಟ್ 3’ ಒಂದೇ 150 ಜಿಬಿ ಜಾಗ ಕೇಳುತ್ತದೆ. ಎರಡನೆಯ ಎಸ್‌ಎಸ್‌ಡಿ ಮುಂದೆ ಸೇರಿಸಬಹುದಾದ್ದರಿಂದ ಹಣ ಬಿಗಿಯಾದರೆ ಇಲ್ಲಿ ಹಿಡಿತ ಮಾಡಬಹುದು.

ಉಳಿಸಬಾರದ ಜಾಗ

ಯಾರ ಕಣ್ಣಿಗೂ ಬೀಳದ, ಯಾವ ಗೆಳೆಯನೂ ಹೊಗಳದ ಭಾಗವೆಂದರೆ ಎಸ್‌ಎಂಪಿಎಸ್. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವುದು ಅದರ ಕೆಲಸ. ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ತೋರಿಸಿ ‘ಸರ್, ಇದೂ 450 ವ್ಯಾಟೇ’ ಎನ್ನುವ ವ್ಯಾಪಾರಿಗಳಿದ್ದಾರೆ. ಆದರೆ ಅದು ಕೆಟ್ಟರೆ ಒಂಟಿಯಾಗಿ ಕೆಡುವುದಿಲ್ಲ. ಮದರ್‌ಬೋರ್ಡನ್ನೋ ದುಬಾರಿ ಗ್ರಾಫಿಕ್ಸ್ ಕಾರ್ಡನ್ನೋ ಜೊತೆಗೆ ಕರೆದೊಯ್ಯುವ ಸಾಧ್ಯತೆ ಇದೆ.

ಒಳ್ಳೆಯದನ್ನು ಗುರುತಿಸುವುದು ಕಷ್ಟವಲ್ಲ, ಗುಣಾಕಾರ ಬಂದರೆ ಸಾಕು. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ವಿದ್ಯುತ್ ಪಡೆಯುವುದು 12 ವೋಲ್ಟ್ ಸಾಲಿನಿಂದ. ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ಆ ಸಾಲಿನ ಆಂಪಿಯರ್ ಎಷ್ಟೆಂದು ನೋಡಿ 12ರಿಂದ ಗುಣಿಸಬೇಕು. 16 ಆಂಪಿಯರ್ ಎಂದಿದ್ದರೆ ಸಿಗುವುದು 192 ವ್ಯಾಟ್ ಮಾತ್ರ, ಮೇಲೆ 450 ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದಿರಲಿ. 45 ಆಂಪಿಯರ್ ಎಂದಿದ್ದರೆ 540 ವ್ಯಾಟ್. ಅದು ನಿಜವಾದ 550ರ ದರ್ಜೆಯದು.

ಬೇಕಾದದ್ದೆಷ್ಟು? ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್, ಆರು ಕೋರ್‌ನ ಪ್ರೊಸೆಸರಿಗೆ ದುಡಿಮೆಯ ಹೊತ್ತಿನಲ್ಲಿ 90, ಉಳಿದೆಲ್ಲದಕ್ಕೂ 60 ಎಂದು ಹಿಡಿದರೆ ಒಟ್ಟು 282 ವ್ಯಾಟ್. ಇದಕ್ಕೆ ಹೆಸರುವಾಸಿ ತಯಾರಕರ 500 ಅಥವಾ 550 ವ್ಯಾಟ್‌ನ ಎಸ್‌ಎಂಪಿಎಸ್ ಹಾಕಿದರೆ ಅದು ಏದುಸಿರು ಬಿಡದೆ ದುಡಿಯುತ್ತದೆ, ಮುಂದೆ ದೊಡ್ಡ ಕಾರ್ಡ್ ಹಾಕಲೂ ಜಾಗ ಉಳಿಯುತ್ತದೆ. ‘80 ಪ್ಲಸ್’ ಮುದ್ರೆ ಇರಬೇಕು. ಆದರೆ ಆ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನು ಮಾತ್ರ. ರಕ್ಷಣೆಯ ಭರವಸೆಗೆ ತಯಾರಕರ ಹೆಸರನ್ನೂ, ಐದು ವರ್ಷದಂತಹ ದೀರ್ಘ ವಾರಂಟಿಯನ್ನೂ ನೋಡಬೇಕು.

ಇದೆಲ್ಲಕ್ಕೂ ಮೊದಲು ಮನೆಯ ಪ್ಲಗ್‌ಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರೀಷಿಯನ್‌ನಿಂದ ಪರೀಕ್ಷಿಸಬೇಕು. ಹೇಳದೆ ಕೇಳದೆ ಕರೆಂಟ್ ಹೋಗುವ ಊರುಗಳಲ್ಲಿ ಯುಪಿಎಸ್ ಬೇಕೇ ಬೇಕು. ಸಾಮಾನ್ಯ 600 ವಿಎ ಯುಪಿಎಸ್ ಎಂದರೆ 600 ವ್ಯಾಟ್ ಅಲ್ಲ, ಸುಮಾರು 360 ವ್ಯಾಟ್. ಮೇಲಿನ ಯಂತ್ರಕ್ಕೆ ಮಾನಿಟರ್ ಸೇರಿಸಿದರೆ ಅದು ಅಂಚಿಗೆ ಬಂದು ನಿಲ್ಲುತ್ತದೆ. 1000 ವಿಎಯದು ನಿರಾತಂಕ.

ಕ್ಯಾಬಿನೆಟ್ ವಿಷಯದಲ್ಲಿ ಗಾಜಿನ ಮುಖಕ್ಕಿಂತ ಜಾಲರಿಯ ಮುಖ ಮೇಲು. ಕಲಬುರ್ಗಿ, ರಾಯಚೂರುಗಳ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಕೂತ ಕಾರ್ಡ್ ಬಿಸಿಯೇರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಇನ್ನೊಂದು ಫ್ಯಾನಿಗೆ ಕೊಡುವುದು ಲೇಸು.

ಹಳೆಯದು ಕೊಂಡರೆ

ಸೆಕೆಂಡ್ ಹ್ಯಾಂಡ್ ಭಾಗಗಳಲ್ಲಿ ನಿಜವಾದ ಉಳಿತಾಯವಿದೆ, ಎಚ್ಚರವೂ ಬೇಕು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ಹಣ ತನ್ನ ವ್ಯವಸ್ಥೆಯನ್ನು ಬದಲಿಸಿ, ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ಗಳಿಸುವ ದಾರಿಯನ್ನು ಮುಚ್ಚಿತು. ಅಲ್ಲಿಯವರೆಗೆ ಹಗಲಿರುಳೂ ದುಡಿದಿದ್ದ ಕಾರ್ಡುಗಳು ಜಗತ್ತಿನೆಲ್ಲೆಡೆ ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಅವು ಕೈಯಿಂದ ಕೈಗೆ ಈಗಲೂ ಸುತ್ತುತ್ತಿರಬಹುದು. ಹಳೆಯ ಕಾರ್ಡನ್ನು ಮಾರುವವರ ಎದುರೇ ಅರ್ಧ ಗಂಟೆ ಭಾರಿ ಆಟ ಓಡಿಸಿ ನೋಡದೆ ಕೊಳ್ಳಬಾರದು. ಫ್ಯಾನ್ ಕಿರುಗುಟ್ಟಿದರೆ, ಪರದೆಯಲ್ಲಿ ವಿಚಿತ್ರ ಚೌಕಗಳು ಮೂಡಿದರೆ ಬೇಡವೆಂದು ಎದ್ದು ಬರಬೇಕು. ಪ್ರೊಸೆಸರ್ ಮತ್ತು ರ್‍ಯಾಮ್ ಹಳೆಯದಾದರೂ ಅಷ್ಟಾಗಿ ಸವೆಯುವುದಿಲ್ಲ. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಮಾತ್ರ ಹೊಸದೇ ಆಗಿರಬೇಕು.

ಬೆಂಗಳೂರಿನ ಪುರಭವನದ ಸಮೀಪದ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರಸ್ತೆ, ಇಂಥ ಬಿಡಿಭಾಗಗಳ ದೊಡ್ಡ ಪೇಟೆ. ಅಲ್ಲಿ ಹೊಸದೂ ಸಿಗುತ್ತದೆ, ಹಳೆಯದೂ ಸಿಗುತ್ತದೆ. ಮೂರು ಅಂಗಡಿಗಳಲ್ಲಿ ಬರಹದ ಕೊಟೇಶನ್ ಪಡೆದು, ಮನೆಗೆ ಬಂದು ಆನ್‌ಲೈನ್ ಬೆಲೆಯೊಂದಿಗೆ ಹೋಲಿಸಿ, ಮರುದಿನ ಕೊಳ್ಳುವುದು ಒಳ್ಳೆಯ ಪದ್ಧತಿ. ‘ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ’ ಎಂಬ ಮಾತು ಎಲ್ಲಾದರೂ ಕಿವಿಗೆ ಬೀಳಬಹುದು. ಶೇ 18 ಉಳಿಯುವುದೇನೋ ಹೌದು. ಆದರೆ ಎರಡನೆಯ ವರ್ಷ ಕಾರ್ಡ್ ಕೆಟ್ಟಾಗ ವಾರಂಟಿ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆದಿರಬೇಕು. ಪ್ರೊಸೆಸರ್ ಪೆಟ್ಟಿಗೆ ಸಮೇತ ಇರಬೇಕು. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ‘ಟ್ರೇ’ ಪ್ರೊಸೆಸರಿಗೆ ತಯಾರಕರ ಮೂರು ವರ್ಷದ ವಾರಂಟಿ ಸಿಗುವುದಿಲ್ಲ. ಖಾಲಿ ಪೆಟ್ಟಿಗೆಗಳನ್ನು ಅಟ್ಟದ ಮೇಲೆ ಜೋಪಾನ ಮಾಡಬೇಕು.

ಜೋಡಿಸಿದ ಮೇಲೆ

ಯಂತ್ರ ಮನೆಗೆ ಬಂದ ದಿನವೇ ಮೂರು ವಿಷಯ ನೋಡಬೇಕು. ಮೊದಲನೆಯದು, ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದೆಯೇ ಎಂಬುದು. ಎರಡನೆಯದು ರ್‍ಯಾಮ್‌ನ ವೇಗ. ಮದರ್‌ಬೋರ್ಡಿನ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ಆನ್ ಮಾಡದಿದ್ದರೆ 3200ರ ರ್‍ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ತೆವಳುತ್ತಿರಬಹುದು. ಮೂರನೆಯದು ಪರದೆಯ ವೇಗ. 144 ಹರ್ಟ್ಸ್‌ನ ಪರದೆ ಕೊಂಡು, ವಿಂಡೋಸ್‌ನಲ್ಲಿ ಅದನ್ನು ಬದಲಿಸದೆ 60ರಲ್ಲೇ ತಿಂಗಳುಗಟ್ಟಲೆ ಆಡುವವರಿದ್ದಾರೆ. ಈ ಮೂರಕ್ಕೂ ಒಂದು ಪೈಸೆ ಖರ್ಚಿಲ್ಲ.

ಹಾಸ್ಟೆಲಿನಲ್ಲಿದ್ದು ಓದುವವರಿಗೆ ಇದೆಲ್ಲ ಹೊರೆಯೇ ಸರಿ. ಅಂಥವರಿಗೆ ಲ್ಯಾಪ್‌ಟಾಪ್ ವಾಸಿ. ಮನೆಯಿಂದಲೇ ಕಾಲೇಜಿಗೆ ಹೋಗಿ ಬರುವವರಿಗೆ ಮಾತ್ರ ಡೆಸ್ಕ್‌ಟಾಪ್ ಹೆಚ್ಚು ಬಾಳಿಕೆಯದು. ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಬಹುದು, ಹಣ ಬಂದಂತೆ ಬೆಳೆಸಬಹುದು.

ವಿದ್ಯುತ್ ಬಿಲ್ಲಿನ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಮಾನಿಟರ್ ಸೇರಿ 300 ವ್ಯಾಟ್ ಎಳೆಯುವ ಯಂತ್ರದಲ್ಲಿ ದಿನಕ್ಕೆ ಎರಡು ಗಂಟೆ ಆಡಿದರೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಮಿತಿ ಗೊತ್ತುಪಡಿಸಲಾಗಿದೆ. ದಿನಕ್ಕೆ ಆರು ಗಂಟೆ ಆಡಿದರೆ ತಿಂಗಳಿಗೆ 54 ಯೂನಿಟ್ ಆಗಿ ಆ ಮಿತಿ ದಾಟುವ ಸಂಭವವಿದೆ. ಈ ಲೆಕ್ಕವನ್ನು ಮಕ್ಕಳೇ ಹಾಕಿ ತಂದೆ ತಾಯಿಗೆ ತೋರಿಸಿದರೆ ‘ಬರೀ ಆಟವೇ’ ಎಂಬ ಅನುಮಾನ ಅರ್ಧ ಕರಗುತ್ತದೆ.

ಉಳಿದರ್ಧ ಕರಗಬೇಕಾದರೆ ಬೇಡಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ‘ಅಪ್ಪಾ, ಇದು ಪ್ರಾಜೆಕ್ಟಿಗೆ’ ಎಂದು ಪೂರ್ತಿ ಓದಿನ ಹೆಸರಿನಲ್ಲಿ ತರಿಸಿಕೊಂಡ ಯಂತ್ರದಲ್ಲಿ ಮೊದಲ ರಾತ್ರಿಯೇ ಆಟದ ಸದ್ದು ಕೇಳಿಸಿದರೆ ಮುರಿಯುವುದು ನಂಬಿಕೆ. ಅದನ್ನು ಯಾವ ಅಂಗಡಿಯಲ್ಲೂ ಮತ್ತೆ ಕೊಳ್ಳಲಾಗುವುದಿಲ್ಲ. ತಂದೆ ತಾಯಿಯೂ ಗ್ರಾಫಿಕ್ಸ್ ಕಾರ್ಡ್ ಎಂಬ ಹೆಸರು ಕೇಳಿದ ಕೂಡಲೇ ಹುಬ್ಬು ಗಂಟಿಕ್ಕಬೇಕಾಗಿಲ್ಲ. ಎಂಟು ಭಾಗಗಳನ್ನು ತೂಗಿ, ಹೊಂದಿಸಿ, ಇರುವ ಹಣದೊಳಗೆ ಕೂಡಿಸುವ ಮಗಳೋ ಮಗನೋ ಪುಸ್ತಕದಲ್ಲಿಲ್ಲದ ಒಂದು ಪಾಠವನ್ನು ಆಗಲೇ ಕಲಿತಿರುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಆಟದ ಆಸೆಯೇ ಕಲಿಸುವುದಾದರೆ ಆ ಖರ್ಚು ದಂಡವಲ್ಲ.